ಕೆಂಪು ಬಣ್ಣ ಮುಟ್ಟಿದ ಕಾಲು

ಮೈದಾನದಲ್ಲಿ ಎರಡು ಗೆರೆ ಎಳೆದಿರುತ್ತಾರೆ. ಈಚೆ ಗೆರೆಯಿಂದ ಆಚೆ ಗೆರೆಗೆ ಹೋಗಬೇಕು, ನಡುವಿನ ನೆಲಕ್ಕೆ ಕಾಲು ತಾಗಬಾರದು. ಅಲ್ಲಲ್ಲಿ ನೆಟ್ಟ ಕಂಬ, ಡ್ರಮ್ಮು, ಕಬ್ಬಿಣದ ಚೌಕಟ್ಟು. ಬಿಳಿ ಬಳಿದದ್ದರ ಮೇಲೆ ನಿಲ್ಲಬಹುದು, ಕೆಂಪು ಬಳಿದದ್ದನ್ನು ಮುಟ್ಟುವಂತಿಲ್ಲ. ಕೈಗೆ ಕೊಟ್ಟದ್ದು ಒಂದು ಹಲಗೆ, ಒಂದು ಮರದ ದಿಮ್ಮಿ, ಒಂದು ಹಗ್ಗ, ಜೊತೆಗೆ ದಾಟಿಸಬೇಕಾದ ಒಂದು ಹೊರೆ. ಎಂಟು ಹತ್ತು ಮಂದಿ ಹುಡುಗರು, ಎದೆಯ ಮೇಲೆ ಹೆಸರಿನ ಬದಲು ನಂಬರು. ಮುಖಂಡ ಇಂಥವನೇ ಎಂದು ಯಾರೂ ಹೇಳಿಲ್ಲ. ಒಬ್ಬ ಹಲಗೆ ಹಿಡಿಯುತ್ತಾನೆ, ಇನ್ನೊಬ್ಬ ಹಗ್ಗ ಬಿಗಿಯುತ್ತಾನೆ, ಮತ್ತೊಬ್ಬ ಹೊರೆ ಹೊತ್ತು ಹಲಗೆಗೆ ಕಾಲಿಡುತ್ತಾನೆ. ಹಲಗೆ ತುಸು ವಾಲುತ್ತದೆ. ಬೂಟಿನ ತುದಿ ಕೆಂಪಿಗೆ ತಾಗಿ ಹಿಂದೆ ಸರಿಯುತ್ತದೆ. ಅಧಿಕಾರಿ ಆಗ ಕೈಲಿದ್ದ ಹಾಳೆಯಲ್ಲಿ ಏನೋ ಬರೆದುಕೊಳ್ಳುತ್ತಿದ್ದಾರೆ. ಜೊತೆಗಾರರ ಕಣ್ಣೆಲ್ಲ ಹಗ್ಗದ ಮೇಲೆ.

ಆ ಹುಡುಗ ಈಗ ಏನು ಮಾಡಬೇಕು?

ನಿಯಮ ಸ್ಪಷ್ಟವಾಗಿದೆ. ತಾಗಿದವನು ತಾನಾಗಿಯೇ ಒಪ್ಪಿಕೊಂಡು ಹಿಂದೆ ಹೋಗಿ ಆ ಹೆಜ್ಜೆಯನ್ನು ಮತ್ತೆ ಇಡಬೇಕು. ಹಾಗೆ ಮಾಡಿದರೆ ಗುಂಪಿನ ಹೊತ್ತು ಹಾಳು, ಜೊತೆಗಾರರ ಮುಖ ಗಂಟು. ಸುಮ್ಮನಿದ್ದರೆ ಕೇಳುವವರಿಲ್ಲ. ಕೋಚಿಂಗ್ ಕ್ಲಾಸಿನಲ್ಲಿ ಇದಕ್ಕೊಂದು ಸಿದ್ಧ ಉತ್ತರ ಇದೆ: ಅಧಿಕಾರಿ ನೋಡದವರ ಹಾಗೆ ಇರುತ್ತಾರೆ, ಆದರೆ ನೋಡಿರುತ್ತಾರೆ, ಆದ್ದರಿಂದ ಒಪ್ಪಿಕೊಂಡುಬಿಡು, ಪ್ರಾಮಾಣಿಕ ಅನ್ನಿಸಿಕೊಳ್ಳುತ್ತೀಯ. ಉತ್ತರ ಜಾಣತನದ್ದೇ. ಆದರೆ ಯಾರೋ ನೋಡುತ್ತಿದ್ದಾರೆಂದು ನಿಜ ಹೇಳಿದವನನ್ನು ಪ್ರಾಮಾಣಿಕ ಎನ್ನಬಹುದೇ? ಹಾಗಾದರೆ ದೇವರು ನೋಡುತ್ತಿದ್ದಾನೆಂದು ನಿಜ ಹೇಳುವ ಭಕ್ತನ ಕತೆ ಏನು? ಸೇನಾ ಅಕಾಡೆಮಿಯ ಸಂದರ್ಶನದ ತಯಾರಿ ಎಂಬ ಸಾದಾ ವಿಷಯವನ್ನು ಕೆದಕಿದರೆ ಒಳಗಿನಿಂದ ಎದ್ದು ಬರುವ ಪ್ರಶ್ನೆ ಇದು.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಕಡೆ ಸೈನ್ಯ ಹೊಸದಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ, ಮಿಲಿಟರಿ ಸ್ಕೂಲಿದೆ. ಹಳ್ಳಿಗಳಲ್ಲಿ 'ಮಿಲ್ಟ್ರಿ ಭರ್ತಿ' ಎಂದರೆ ಸಾಕು, ನಸುಕಿನಲ್ಲಿ ಕಾಲುವೆ ದಂಡೆ ಮೇಲೆ ಓಡುವ ಹುಡುಗರ ಚಿತ್ರ ಕಣ್ಣಮುಂದೆ ಬರುತ್ತದೆ. ಆದರೆ ಅದು ಜವಾನನಾಗುವ ದಾರಿ. ಅಲ್ಲಿ ಓಟ ಎಷ್ಟು ನಿಮಿಷದ್ದು, ಎದೆ ಎಷ್ಟು ಸೆಂಟಿಮೀಟರ್ ಹಿಗ್ಗಬೇಕು ಎಂಬುದು ಎಲ್ಲರಿಗೂ ಗೊತ್ತು. ಅಧಿಕಾರಿಯಾಗುವ ದಾರಿ ಬೇರೆ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನೊಳಗೆ ಯುಪಿಎಸ್‌ಸಿ ನಡೆಸುವ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ ಬರೆಯಬೇಕು. ಬರವಣಿಗೆಗೆ 900 ಅಂಕ, ಆಮೇಲೆ ಸರ್ವಿಸಸ್ ಸೆಲೆಕ್ಷನ್ ಬೋರ್ಡಿನ ಐದು ದಿನಗಳ ಪರೀಕ್ಷೆಗೆ ಮತ್ತೆ 900. ಪುಸ್ತಕ ಓದಿ ಗಳಿಸುವುದು ಎಷ್ಟೋ, ಮನುಷ್ಯ ಎಂಥವನು ಎಂಬುದಕ್ಕೂ ಅಷ್ಟೇ ತೂಕ. ಈ ಎರಡನೆಯ ಒಂಬೈನೂರನ್ನು ಅಳೆಯುವ ಟೇಪು ಹಳ್ಳಿಯಲ್ಲಿ ಯಾರ ಬಳಿಯೂ ಇಲ್ಲ. ಹಾಗಾಗಿ ಹುಡುಗ ಊರಿನ ನಿವೃತ್ತ ಸುಭೇದಾರರ ಕಟ್ಟೆಗೆ ಹೋಗುತ್ತಾನೆ.

"ಕಾಕಾ, ಸಾಹೇಬ್ರು ಕೇಳಿದ್ರ ಏನಂತ ಹೇಳ್ಲಿ?"

"ಗೊತ್ತಿದ್ದದ್ದು ಹೇಳೋ ತಮ್ಮಾ. ಗೊತ್ತಿಲ್ಲದ್ದಕ್ಕ ಗೊತ್ತಿಲ್ರೀ ಅನ್ನು. ಅದಕ್ಕೇನ್ ಕಾಶಿಗೆ ಹೋಗಬೇಕನ?"

ಈ ಸೀಮೆಯ ಯಾವ ಕಟ್ಟೆಯ ಮೇಲಾದರೂ ಕೇಳಬಹುದಾದ ಮಾತಿದು. ಹುಡುಗನಿಗೆ ಸಮಾಧಾನ ಆಗುವುದಿಲ್ಲ. ಇಷ್ಟೇ ಆಗಿದ್ದರೆ ಧಾರವಾಡ, ಬೆಂಗಳೂರುಗಳಲ್ಲಿ ಸಾವಿರಾರು ರೂಪಾಯಿ ಫೀ ತೆತ್ತು ಜನ ಯಾಕೆ ಕಲಿಯುತ್ತಾರೆ? ಬಾಗಿಲು ಹೇಗೆ ತೆರೆಯಬೇಕು, ಕುರ್ಚಿಯ ಮೇಲೆ ಹೇಗೆ ಕೂರಬೇಕು, ಕೈ ಎಲ್ಲಿರಬೇಕು, ನಗು ಎಷ್ಟಿರಬೇಕು ಎಂಬುದಕ್ಕೂ ಅಲ್ಲಿ ಪಾಠವಿದೆ. ಒಟ್ಟಿನಲ್ಲಿ 'ಚಲೋ ಇಂಪ್ರೆಶನ್' ಬೀಳಬೇಕು.

ಇಲ್ಲೊಂದು ಇತಿಹಾಸದ ತಮಾಷೆ ಇದೆ. ಐದು ದಿನಗಳ ಈ ಪದ್ಧತಿ ಹುಟ್ಟಿದ್ದೇ 'ಚಲೋ ಇಂಪ್ರೆಶನ್' ಕೈಕೊಟ್ಟಿದ್ದರಿಂದ. ಎರಡನೇ ಮಹಾಯುದ್ಧದ ಮೊದಮೊದಲು ಬ್ರಿಟಿಷ್ ಸೇನೆ ಅಧಿಕಾರಿಗಳನ್ನು ಆರಿಸುತ್ತಿದ್ದದ್ದು ಚುಟುಕು ಸಂದರ್ಶನದಿಂದ. ಅಭ್ಯರ್ಥಿ ಯಾವ ಶಾಲೆಯವನು, ಮಾತಿನ ಧಾಟಿ ಹೇಗಿದೆ, ಅಪ್ಪ ಯಾರು ಎಂಬುದರಲ್ಲೇ ಮುಕ್ಕಾಲು ತೀರ್ಮಾನ ಮುಗಿದುಹೋಗುತ್ತಿತ್ತು. ಹೀಗೆ ಮೆಚ್ಚಿಸಿ ಬಂದವರಲ್ಲಿ ಬಹಳ ಜನ ತರಬೇತಿಯಲ್ಲೇ ಸೋತು ವಾಪಸಾದರು. 1942ರಲ್ಲಿ ಹೊಸ ಆಯ್ಕೆ ಮಂಡಳಿಗಳು ಬಂದವು. ಅವಕ್ಕೆ ಜರ್ಮನ್ ಸೇನೆಯ ಮನಶ್ಶಾಸ್ತ್ರ ಪರೀಕ್ಷೆಗಳ ಮಾದರಿಯೂ ಇತ್ತು. ಮನೋವೈದ್ಯ ವಿಲ್ಫ್ರೆಡ್ ಬಿಯಾನ್ ಅದಕ್ಕೆ 'ನಾಯಕನಿಲ್ಲದ ಗುಂಪು' ಎಂಬ ಉಪಾಯ ಸೇರಿಸಿದ. ಆತ ಮೊದಲ ಮಹಾಯುದ್ಧದಲ್ಲಿ ಟ್ಯಾಂಕ್ ದಳದ ಅಧಿಕಾರಿಯಾಗಿದ್ದವನು. ಗುಂಪಿಗೊಂದು ಕೆಲಸ ಕೊಟ್ಟು ಸುಮ್ಮನೆ ನಿಂತು ನೋಡುವುದು, ಅಷ್ಟೇ. ಪ್ರತಿಯೊಬ್ಬನಿಗೂ ತಾನು ಎದ್ದು ಕಾಣಬೇಕೆಂಬ ಆಸೆ, ಆದರೆ ಕೆಲಸ ಆಗಬೇಕಾದರೆ ಎದುರಾಳಿಯಾದ ಪಕ್ಕದವನಿಗೇ ಕೈ ಕೊಡಬೇಕು. ತನ್ನನ್ನು ಮರೆಯಬಲ್ಲವನು ಯಾರು ಎಂಬುದನ್ನು ಬಿಯಾನ್ ಅಲ್ಲಿ ಹುಡುಕಿದ. 1943ರಲ್ಲಿ ಈ ಪದ್ಧತಿ ಭಾರತಕ್ಕೂ ಬಂತು, ಈಗಲೂ ನಡೆದಿದೆ. ಎದ್ದು ಕಾಣಲೇಬೇಕೆಂದು ಹಟ ಹಿಡಿದವನು ಅದೇ ಕಾರಣಕ್ಕೆ ಕೆಳಗಿಳಿಯುವ ಪರೀಕ್ಷೆ ಇದು!

ಹನ್ನೆರಡನೇ ಶತಮಾನದ ಶರಣರಿಗೆ ಈ ಉಪಾಯ ತಿಳಿದಿದ್ದರೆ ನಕ್ಕು ಒಪ್ಪುತ್ತಿದ್ದರೇನೋ. ಅವರ ಜಗಳವೆಲ್ಲ ತೋರಿಕೆಯ ಜೊತೆಗಿತ್ತು. ಹಣೆಯ ವಿಭೂತಿ ಒಂದು ಹೇಳಿ, ಮನೆಯ ನಡವಳಿಕೆ ಇನ್ನೊಂದು ಹೇಳಿದರೆ ಅವರು ಬಿಡುತ್ತಿರಲಿಲ್ಲ. ನಡೆಗೂ ನುಡಿಗೂ ಸೀಳು ಬಿದ್ದ ಭಕ್ತಿ ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಈ ಮಾತು ನಾಲ್ಕೂ ತಾಲ್ಲೂಕಿಗೆ ಪುಸ್ತಕದ ಪಾಠವಲ್ಲ, ನೆಲದ ನೆನಪು. ಕಲ್ಯಾಣದ ಗಲಭೆಯ ನಂತರ ಚನ್ನಬಸವಣ್ಣನ ಜೊತೆ ಉಳವಿಯತ್ತ ಹೊರಟ ಶರಣರು ಹಾದುಹೋದದ್ದು ಇದೇ ಮಲಪ್ರಭೆಯ ದಂಡೆಯಿಂದ ಎಂಬುದು ಇಲ್ಲಿನ ನಂಬಿಕೆ. ಕಿತ್ತೂರಿನ ಹತ್ತಿರದ ಕಾದ್ರೊಳ್ಳಿಯಲ್ಲಿ ಬೆನ್ನಟ್ಟಿದ ಸೈನ್ಯದೊಂದಿಗೆ ಕಾಳಗವಾಯಿತೆಂದು ಐತಿಹ್ಯ. ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನ ಮಡದಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಬಟ್ಟೆ ಒಗೆಯುವ ಕಾಯಕದ ಮಡಿವಾಳ ಮಾಚಿದೇವ ವಚನದ ಕಟ್ಟುಗಳನ್ನು ಉಳಿಸಲು ಕತ್ತಿ ಹಿಡಿದು ಹಿಂಬದಿಯಲ್ಲಿ ಕಾದನೆಂಬ ಕತೆಯನ್ನು ಈ ಕಡೆಯ ಹಿರಿಯರು ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ.

ಆಯ್ಕೆ ಮಂಡಳಿಯ ಬಗ್ಗೆ ಸೇನೆಯವರು ಸಾಮಾನ್ಯವಾಗಿ ಹೇಳುವ ಮಾತು ಕೂಡ ಮನಸಾ, ವಾಚಾ, ಕರ್ಮಣಾ ಎಂಬುದೇ. ಮನಶ್ಶಾಸ್ತ್ರಜ್ಞರು ಮನಸ್ಸನ್ನು ಓದುತ್ತಾರೆ, ಸಂದರ್ಶನ ಮಾಡುವ ಅಧಿಕಾರಿ ಮಾತನ್ನು ತೂಗುತ್ತಾರೆ, ಮೈದಾನದ ಅಧಿಕಾರಿ ಕೃತಿಯನ್ನು ನೋಡುತ್ತಾರೆ. ಮೂವರೂ ತಮ್ಮ ತಮ್ಮ ಲೆಕ್ಕವನ್ನು ಬೇರೆ ಬೇರೆ ಬರೆದುಕೊಂಡು ಕೊನೆಯ ದಿನ ಒಟ್ಟಿಗೆ ಕೂರುತ್ತಾರೆ. ಮೂರೂ ಚಿತ್ರ ಒಂದೇ ಮನುಷ್ಯನದ್ದಾಗಿ ಕಂಡರೆ ಅವನನ್ನು ನಂಬುತ್ತಾರೆ. ಪಾಠ ಹೇಳಿಸಿಕೊಂಡು ಹೋದವನು ಸಿಕ್ಕಿಬೀಳುವುದು ಇಲ್ಲೇ. ಸಂದರ್ಶನದಲ್ಲಿ 'ನಾನು ತಂಡದ ಮನುಷ್ಯ' ಎಂದು ಹೇಳಿರುತ್ತಾನೆ, ಮೈದಾನದಲ್ಲಿ ಹಗ್ಗವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿರುವುದಿಲ್ಲ.

ಮನಸ್ಸನ್ನು ಓದುವ ಬಗೆಯಂತೂ ಸ್ವಾರಸ್ಯವಾಗಿದೆ. ಪರದೆಯ ಮೇಲೆ ಒಂದೊಂದು ಪದ, ಒಂದಕ್ಕೆ ಹದಿನೈದು ಸೆಕೆಂಡು, ಒಟ್ಟು ಅರವತ್ತು ಪದ. ಪದ ನೋಡಿ ಮೊದಲು ಹೊಳೆದದ್ದನ್ನು ಬರೆಯಬೇಕು. ಅದಕ್ಕೂ ಮುಂಚೆ ಮಸುಕು ಚಿತ್ರಗಳು. ಮೂವತ್ತು ಸೆಕೆಂಡು ನೋಡಿ ನಾಲ್ಕು ನಿಮಿಷದಲ್ಲಿ ಕತೆ ಬರೆಯಬೇಕು. ಹನ್ನೊಂದು ಚಿತ್ರ ಮುಗಿದ ಮೇಲೆ ಹನ್ನೆರಡನೆಯದಾಗಿ ಖಾಲಿ ಪರದೆ ಬರುತ್ತದೆ. ಅದಕ್ಕೂ ಕತೆ ಬರೆಯಬೇಕು. ಕೋಚಿಂಗ್ ಮುಗಿಸಿ ಬಂದ ಹುಡುಗರ ಕತೆಗಳಲ್ಲಿ ನಾಯಕ ಮುಳುಗುವ ಮಗುವನ್ನು ಎತ್ತುತ್ತಾನೆ, ರಕ್ತದಾನ ಶಿಬಿರ ನಡೆಸುತ್ತಾನೆ, ಹಳ್ಳಿಗೆ ರಸ್ತೆ ತರುತ್ತಾನೆ. ಎಲ್ಲ ಹಾಳೆಯಲ್ಲೂ ಅದೇ ಮಗು, ಅದೇ ಶಿಬಿರ. ಓದುವವರಿಗೆ ಬೇಸರವಾಗದೆ ಇದ್ದೀತೇ?

ಈ ಸರಣಿಯ ಕೊನೆಗೆ ಸ್ವವಿವರಣೆ. ನಿನ್ನ ಬಗ್ಗೆ ತಂದೆತಾಯಿ ಏನೆನ್ನುತ್ತಾರೆ, ಮಾಸ್ತರರು ಏನೆನ್ನುತ್ತಾರೆ, ಗೆಳೆಯರು ಏನೆನ್ನುತ್ತಾರೆ, ನೀನು ನಿನ್ನ ಬಗ್ಗೆ ಏನೆಂದುಕೊಂಡಿದ್ದೀ, ಮುಂದೆ ಏನಾಗಬೇಕೆಂದಿದ್ದೀ. ಹದಿನೈದು ನಿಮಿಷ. ಹದಿನೇಳು ವರ್ಷದ ಹುಡುಗನಿಗೆ ಅಷ್ಟರವರೆಗೆ ಯಾರೂ ಕೇಳದೆ ಇದ್ದ ಪ್ರಶ್ನೆ. ನಾಲ್ಕು ಸಾಕ್ಷಿಗಳಲ್ಲಿ ಮೊದಲ ಮೂರು ಹೊರಗಿನವು, ನಾಲ್ಕನೆಯದು ಅವನೇ. ಹೊರಗಿನ ಮೂರೂ ಹೊಗಳಿ, ಒಳಗಿನದು ತಡವರಿಸಿದರೆ?

ದೇವರು ನೋಡುತ್ತಿದ್ದಾನೆಂಬ ಭಯದ ಪ್ರಶ್ನೆಗೆ ಇಲ್ಲಿಂದ ಒಂದು ದಾರಿ ಸಿಗುತ್ತದೆ. ದೂರದಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳುವ ದೇವರು ಪರೀಕ್ಷಕನ ಹಾಗೆಯೇ. ಅವನ ಕಣ್ಣು ತಪ್ಪಿತೆಂದು ತೋರಿದ ಗಳಿಗೆಯಲ್ಲಿ ಭಕ್ತ ಕೆಂಪನ್ನು ಮುಟ್ಟಿ ಸುಮ್ಮನಾಗಬಹುದು. ಶರಣರು ದೇವರನ್ನು ಗುಡಿಯಿಂದ ತೆಗೆದು ಅಂಗೈಗೆ, ಎದೆಗೆ ತಂದುಕೊಂಡರು. ಇಷ್ಟಲಿಂಗ ಮೈಮೇಲೇ ಇರುವವನಿಗೆ 'ಯಾರೂ ನೋಡಲಿಲ್ಲ' ಎಂಬ ಹೊತ್ತೇ ಇರುವುದಿಲ್ಲ. ಕಾವಲುಗಾರ ಇದ್ದಾನೆಂದು ಹೇಳುವುದಕ್ಕಲ್ಲ ಅದು. ನೋಡುವವನೂ ನಡೆಯುವವನೂ ಬೇರೆಯಲ್ಲ ಎಂದು ಹೇಳುವುದಕ್ಕೆ. ಈ ತಿಳಿವಳಿಕೆ ಬಂದವನು ಅಧಿಕಾರಿ ನೋಡಿದರೋ ಇಲ್ಲವೋ ಎಂದು ಲೆಕ್ಕ ಹಾಕುತ್ತ ನಿಲ್ಲುವುದಿಲ್ಲ.

ಹಾಗಾದರೆ ತಯಾರಿಯೇ ಬೇಡವೇ? ಇದ್ದ ಹಾಗೆ ಹೋಗಿ ನಿಂತರೆ ಸಾಕೇ? ಹೀಗೆ ಹೇಳುವುದು ಸುಲಭ, ಅದರಲ್ಲೂ ಇಂಗ್ಲಿಷ್ ಮಾತಾಡುವ ಮನೆಯಲ್ಲಿ ಬೆಳೆದವರಿಗೆ. ರಾಮದುರ್ಗದ ಹಳ್ಳಿಯ ಸರಕಾರಿ ಶಾಲೆಯಲ್ಲಿ ಓದಿದ ಹುಡುಗನ ಪರಿಸ್ಥಿತಿ ನೋಡಿ. ಎನ್‌ಡಿಎ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಪರದೆಯ ಮೇಲೆ ಪದ ಮೂಡಿದಾಗ ಅವನಿಗೆ ಹೊಳೆಯುವುದು ಕನ್ನಡದಲ್ಲಿ. ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಹತ್ತು ಸೆಕೆಂಡು ಹೋಗಿರುತ್ತದೆ. ಉಳಿದ ಐದರಲ್ಲಿ ಅವನು ಬರೆಯುವುದು ತನಗೆ ಹೊಳೆದದ್ದನ್ನಲ್ಲ, ತನಗೆ ಬರೆಯಲು ಬಂದದ್ದನ್ನು. ಬರಗಾಲದಲ್ಲಿ ಎತ್ತು ಮಾರದೆ ಉಳಿಸಿಕೊಂಡ ಮನೆಯವನು, ಅಪ್ಪ ಹಾಸಿಗೆ ಹಿಡಿದಾಗ ಹೊಲದ ಲೆಕ್ಕ ನೋಡಿದವನು, ಸಂದರ್ಶನದಲ್ಲಿ 'ನೀನು ಜವಾಬ್ದಾರಿ ಹೊತ್ತ ಪ್ರಸಂಗ ಹೇಳು' ಎಂದರೆ ಶಾಲೆಯ ಕ್ರಿಕೆಟ್ ತಂಡದ ಕತೆ ಹೇಳುತ್ತಾನೆ. ಹೊಲದ ಕತೆ ಸಾಹೇಬರಿಗೆ ಯಾಕೆ ಬೇಕು ಎಂದುಕೊಂಡಿರುತ್ತಾನೆ. ಇವನಿಗೆ ತಯಾರಿ ಬೇಕು. ಇದ್ದದ್ದನ್ನು ಮುಚ್ಚಿದ ಅಂಜಿಕೆಯನ್ನು, ನಾಲಿಗೆಯ ತೊಡಕನ್ನು, ತನ್ನ ಬದುಕು ಹೇಳಿಕೊಳ್ಳುವಂಥದ್ದಲ್ಲ ಎಂಬ ಕೀಳರಿಮೆಯನ್ನು ತೆಗೆದುಹಾಕುವ ತಯಾರಿ. ಅದರಲ್ಲಿ ಸುಳ್ಳಿನ ಸೋಂಕಿಲ್ಲ. ಇಲ್ಲದ್ದನ್ನು ಹಚ್ಚಿ ತೋರಿಸುವುದು ಸೋಗು. ಎರಡೂ ಒಂದೇ ಕ್ಲಾಸಿನಲ್ಲಿ, ಒಂದೇ ಫೀಯಲ್ಲಿ ಸಿಗುತ್ತವೆ ಎಂಬುದೇ ತೊಂದರೆ.

ಸೋಗಿನ ಪರವಾಗಿಯೂ ಒಂದು ಗಟ್ಟಿ ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಹೇಳುವಂತೆ ಗುಣ ರೂಢಿಯಿಂದ ಬರುತ್ತದೆ; ಧೈರ್ಯದ ಕೆಲಸ ಮಾಡುತ್ತ ಮಾಡುತ್ತ ಮನುಷ್ಯ ಧೈರ್ಯಶಾಲಿಯಾಗುತ್ತಾನೆ. ಗರಡಿಮನೆಯ ಉಸ್ತಾದರಿಗೂ ಇದು ಗೊತ್ತು. ಹೆದರಿದ ಹುಡುಗನಿಗೆ ಹೆದರದವನ ಹಾಗೆ ನಿಲ್ಲಲು ಕಲಿಸುತ್ತಾರೆ, ಆರು ತಿಂಗಳಿಗೆ ನಿಲುವು ನಿಜವಾಗಿರುತ್ತದೆ. ಶಿಸ್ತು, ಉತ್ಸಾಹ, ಸಮಯಪಾಲನೆ, ಸೌಜನ್ಯ ಎಲ್ಲಕ್ಕೂ ಈ ಮಾತು ಒಪ್ಪುತ್ತದೆ. ಮೊದಲು ವೇಷ, ಆಮೇಲೆ ಸ್ವಭಾವ. ಆದರೆ ಸತ್ಯಕ್ಕೆ ಮಾತ್ರ ಒಪ್ಪುವುದಿಲ್ಲ. ಧೈರ್ಯವಿಲ್ಲದವನು ಧೈರ್ಯ ನಟಿಸಿದರೆ ಅದು ಧೈರ್ಯದ ಮೊದಲ ಮೆಟ್ಟಿಲು. ಸತ್ಯವಿಲ್ಲದವನು ಸತ್ಯ ನಟಿಸಿದರೆ ಅದು ಸುಳ್ಳಿನ ಇನ್ನೊಂದು ಮೆಟ್ಟಿಲು. ಸೇನೆ ಹುಡುಕುವ ಗುಣಗಳ ಪಟ್ಟಿಯಲ್ಲಿ ಹದಿನೈದು ಬಾಬುಗಳಿವೆ. ಅವನ್ನು ಅಭ್ಯಾಸದಿಂದ ಬೆಳೆಸಬಹುದೇನೋ, ಆದರೆ ಅವೆಲ್ಲ ನಿಲ್ಲುವುದು ಸತ್ಯದ ಮೇಲೆ. ಗಡಿಯ ಠಾಣೆಯಿಂದ 'ಶತ್ರು ಇಲ್ಲಿಯವರೆಗೆ ಬಂದಿದ್ದಾನೆ' ಎಂದು ವರದಿ ಬಂದಾಗ ಹಿಂದಿನವರು ಅದನ್ನು ನಂಬಿಯೇ ಜೀವಗಳನ್ನು ಪಣಕ್ಕಿಡುತ್ತಾರೆ.

ತಯಾರಿಯ ಬಗ್ಗೆ ಮಾತಾಡುವಾಗ ಕಿತ್ತೂರನ್ನು ಬಿಟ್ಟು ಮುಂದೆ ಹೋಗಲಾಗದು. ರಾಣಿ ಚೆನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ ಅಲ್ಲಿ 1969ರಲ್ಲಿ ಶುರುವಾಯಿತು. ಆರನೇ ತರಗತಿಗೆ ಬಂದ ಹುಡುಗಿಯರು ಸಮವಸ್ತ್ರ ತೊಟ್ಟು ಕವಾಯತು ಮಾಡಿದರು, ಕುದುರೆ ಹತ್ತಿದರು, ಬಂದೂಕು ಹಿಡಿದು ಗುರಿ ಇಟ್ಟರು. ವಿಜಯಪುರದ ಸೈನಿಕ ಶಾಲೆಯ ಹುಡುಗರು ಇದನ್ನೆಲ್ಲ ಮಾಡುತ್ತಿದ್ದದ್ದು ಎನ್‌ಡಿಎಗಾಗಿ. ಕಿತ್ತೂರಿನ ಹುಡುಗಿಯರ ಮುಂದೆ ಆ ಬಾಗಿಲೇ ಇರಲಿಲ್ಲ. ವೈದ್ಯಕೀಯ ಮತ್ತು ನರ್ಸಿಂಗ್ ಬಿಟ್ಟರೆ ಸೇನೆಯ ಇತರ ವಿಭಾಗಗಳಿಗೆ ಮಹಿಳಾ ಅಧಿಕಾರಿಗಳನ್ನು ತೆಗೆದುಕೊಳ್ಳಲು ಆರಂಭಿಸಿದ್ದೇ 1992ರಲ್ಲಿ, ಅದೂ ಪದವಿಯ ನಂತರ. ಎನ್‌ಡಿಎ ಪರೀಕ್ಷೆಗೆ ಹುಡುಗಿಯರೂ ಕೂರಬಹುದು ಎಂದು ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಕೊಟ್ಟದ್ದು 2021ರ ಆಗಸ್ಟ್ 18ರಂದು. ಶಾಲೆ ಶುರುವಾಗಿ ಆಗಲೇ 52 ವರ್ಷ. 2022ರಲ್ಲಿ ಮೊದಲ ತಂಡದ 19 ಯುವತಿಯರು ಅಕಾಡೆಮಿ ಸೇರಿದರು. 2025ರ ಮೇ 30ರಂದು 17 ಮಂದಿ ತೇರ್ಗಡೆಯಾಗಿ ಹೊರಬಂದರು.

ಐವತ್ತೆರಡು ವರ್ಷ ಆ ಮೈದಾನದಲ್ಲಿ ನಡೆದ ಕವಾಯತು ಯಾವ ಸಂದರ್ಶನದ ತಯಾರಿ? ಯಾರನ್ನು ಮೆಚ್ಚಿಸಲು? ಉತ್ತರ ಅಷ್ಟು ಸರಳವಿಲ್ಲ. ಅವಕಾಶ ಕೊಡದ ವ್ಯವಸ್ಥೆಯ ಅನ್ಯಾಯಕ್ಕೆ ತತ್ತ್ವಶಾಸ್ತ್ರದ ಹೊದಿಕೆ ಹೊದಿಸುವುದು ತಪ್ಪು. ಅಲ್ಲಿ ಓದಿದವರು ವೈದ್ಯರಾದರು, ಆಡಳಿತಕ್ಕೆ ಹೋದರು, ಮನೆ ನಡೆಸಿದರು. ಅವರಲ್ಲಿ ಎಷ್ಟೋ ಮಂದಿಗೆ ಅಕಾಡೆಮಿಯ ಬಾಗಿಲು ತೆರೆದಿದ್ದರೆ ಬದುಕು ಬೇರೆಯೇ ಆಗುತ್ತಿತ್ತು. ಆದರೂ ಒಂದು ಸಂಗತಿ ನಿಜ. ಫಲದ ಆಸೆ ಬಿಟ್ಟು ಕೆಲಸ ಮಾಡು ಎಂದು ಗೀತೆ ಹೇಳಿದ್ದನ್ನು ಭಾಷಣಗಳಲ್ಲಿ ಕೇಳಿ ಕೇಳಿ ಕಿವಿ ಮರಗಟ್ಟಿದೆ. ಫಲ ಕಣ್ಣಿಗೇ ಕಾಣದಿದ್ದರೂ ನಡೆದ ತಯಾರಿ ಹೇಗಿರುತ್ತದೆ ಎಂದು ನೋಡಬೇಕಾದರೆ ಆ ಶಾಲೆಯ ಹಳೆಯ ಬ್ಯಾಚುಗಳನ್ನು ನೋಡಬೇಕು.

ಅಂಥ ತಯಾರಿಯ ಹಳೆಯ ಕತೆಯೊಂದೂ ಈ ಸೀಮೆಯಲ್ಲಿದೆ. ರಾಮದುರ್ಗ ತಾಲ್ಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಶಬರಿ ರಾಮನಿಗಾಗಿ ಕಾದದ್ದು ಇಲ್ಲೇ ಎಂದು ಜನ ನಂಬುತ್ತಾರೆ. ದಿನವೂ ದಾರಿ ಗುಡಿಸಿದಳು, ಹಣ್ಣು ಆರಿಸಿದಳು. ಅವಳಿಗೆ ತಾರೀಖು ಗೊತ್ತಿರಲಿಲ್ಲ, ಕಾಲ್ ಲೆಟರ್ ಬಂದಿರಲಿಲ್ಲ. ಕೊನೆಗೂ ಅತಿಥಿ ಬಂದಾಗ ಅವಳು ಹಣ್ಣನ್ನು ತಿಂದು ರುಚಿ ನೋಡಿ ಕೊಟ್ಟಳೆಂದು ಕತೆ. ಇಂಪ್ರೆಶನ್ನಿನ ಲೆಕ್ಕದಲ್ಲಿ ಎಂಜಲು ಹಣ್ಣು ಕೊಡುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ! ಹುಳಿ ಹಣ್ಣು ಅತಿಥಿಗೆ ಹೋಗಬಾರದು ಎಂಬುದೊಂದೇ ಅವಳ ತಲೆಯಲ್ಲಿತ್ತು, ತಾನು ಹೇಗೆ ಕಾಣುತ್ತೇನೆ ಎಂಬುದು ಇರಲಿಲ್ಲ.

ಸಂದರ್ಶನದ ಕೋಣೆಯಲ್ಲಿ ಇನ್ನೂ ಗಡುಸಾದ ಪ್ರಶ್ನೆಗಳು ಬರುತ್ತವೆ. ಮೇಲಧಿಕಾರಿಯ ಆದೇಶ ತಪ್ಪೆಂದು ಕಂಡರೆ ಏನು ಮಾಡುತ್ತೀ? 'ಆದೇಶ ಪಾಲಿಸುತ್ತೇನೆ ಸರ್' ಎಂದು ಬೂಟು ಜೋಡಿಸಿ ಹೇಳಿಬಿಟ್ಟರೆ ಮುಗಿಯಿತೆಂದು ಬಹಳ ಹುಡುಗರು ತಿಳಿದಿದ್ದಾರೆ. ಸವದತ್ತಿಯವರು ಹಾಗೆ ತಿಳಿಯುವಂತಿಲ್ಲ. ಅವರ ಗುಡ್ಡದ ಮೇಲಿರುವುದೇ ಈ ಪ್ರಶ್ನೆ. ತಂದೆ ಜಮದಗ್ನಿ ಆಜ್ಞೆ ಮಾಡಿದ, ತಾಯಿ ರೇಣುಕೆಯ ತಲೆ ಕಡಿ ಎಂದು. ಹಿರಿಯ ಮಕ್ಕಳು ಒಲ್ಲೆವೆಂದು ಶಾಪ ತಿಂದರು. ಪರಶುರಾಮ ಕಡಿದ, ಆಮೇಲೆ ವರ ಕೇಳುವ ಸಲುಗೆ ಸಿಕ್ಕಾಗ ತಾಯಿಯ ಜೀವವನ್ನೇ ಕೇಳಿದ. ಅವನು ಮಾಡಿದ್ದು ಸರಿಯೇ? ಶಾಸ್ತ್ರಗಳು ಏನೇ ಹೇಳಲಿ, ಜನ ತಮ್ಮ ತೀರ್ಪನ್ನು ಕಾಲಿನಿಂದಲೇ ಕೊಟ್ಟಿದ್ದಾರೆ. ಜಮದಗ್ನಿಗೂ ಪರಶುರಾಮನಿಗೂ ಗುಡ್ಡದಲ್ಲಿ ಗುಡಿಗಳಿವೆ, ಆದರೆ ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು 'ಉಧೋ ಉಧೋ' ಎನ್ನುತ್ತ ಲಕ್ಷಗಟ್ಟಲೆ ಜನ ಬರುವುದು ರೇಣುಕೆಗೆ, ಅಂದರೆ ಎಲ್ಲಮ್ಮನಿಗೆ. ಆಜ್ಞೆ ಮಾಡಿದವನಿಗಲ್ಲ, ಪಾಲಿಸಿದವನಿಗಲ್ಲ, ಆಜ್ಞೆಯ ಏಟು ತಿಂದವಳಿಗೆ.

ಕಾನೂನು ಕೂಡ ಕಣ್ಣುಮುಚ್ಚಿದ ವಿಧೇಯತೆಯನ್ನು ಕೇಳುವುದಿಲ್ಲ. 1950ರ ಸೇನಾ ಕಾಯ್ದೆಯ 41ನೇ ಕಲಮಿನಲ್ಲಿ ಅಪರಾಧವಾಗುವುದು ಮೇಲಧಿಕಾರಿಯ ಕಾನೂನುಬದ್ಧ ಆದೇಶವನ್ನು ಮೀರಿದಾಗ. ಆ ಒಂದು ವಿಶೇಷಣದೊಳಗೆ ಅಧಿಕಾರಿಯ ಮನಸ್ಸಾಕ್ಷಿಗೆ ಜಾಗವಿದೆ. ಸಂಗೊಳ್ಳಿಯ ರಾಯಣ್ಣನ ಕಾಲಕ್ಕೆ ಹೋದರೆ ಪ್ರಶ್ನೆ ಇನ್ನೂ ಜಟಿಲವಾಗುತ್ತದೆ. 1824ರ ಡಿಸೆಂಬರಿನಲ್ಲಿ ಕಿತ್ತೂರು ಕೋಟೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾದಳು, 1829ರಲ್ಲಿ ಅಲ್ಲೇ ತೀರಿಕೊಂಡಳು. ಆದೇಶ ಕೊಡುವ ಸಂಸ್ಥಾನವೇ ಇರಲಿಲ್ಲ. ಹೊಸ ಸರಕಾರದ ಕಾನೂನು ರಾಯಣ್ಣನನ್ನು ದಂಗೆಕೋರ ಎಂದಿತು. ಆತ ಕಿತ್ತೂರು ಮನೆತನದ ದತ್ತುಪುತ್ರ ಶಿವಲಿಂಗಪ್ಪನ ಹೆಸರಿನಲ್ಲಿ ಹೋರಾಡಿ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಈಗ ಅವನ ಊರಿನಲ್ಲಿ ಅವನ ಹೆಸರಿನ ಸೈನಿಕ ಶಾಲೆಯಿದೆ. ಆ ಶಾಲೆಯ ಮಗು ಒಂದು ದಿನ ಮಂಡಳಿಯ ಮುಂದೆ ಕೂತು 'ನಿಮ್ಮೂರಿನ ರಾಯಣ್ಣ ವಿಧೇಯನೋ ಅವಿಧೇಯನೋ' ಎಂಬ ಪ್ರಶ್ನೆಗೆ ಉತ್ತರಿಸಬೇಕಾಗಬಹುದು. ಬಾಯಿಪಾಠದ ಉತ್ತರಕ್ಕೆ ಅಲ್ಲಿ ಬೆಲೆಯಿಲ್ಲ, ತಾನೇ ಯೋಚಿಸಿದ ಉತ್ತರ ಅರ್ಧಮರ್ಧವಿದ್ದರೂ ನಡೆದೀತು.

ಕಿತ್ತೂರಿನದೇ ಇನ್ನೊಂದು ಪ್ರಸಂಗ ಬಿಡಲು ಮನಸ್ಸಾಗದು. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬ ಇಬ್ಬರು ಎಳೆಯ ಅಧಿಕಾರಿಗಳು ಸೆರೆ ಸಿಕ್ಕರು. ರಾಜಿಯ ಭರವಸೆಯ ಮೇಲೆ ಕಿತ್ತೂರಿನವರು ಅವರನ್ನು ಬಿಟ್ಟು ಕಳಿಸಿದರು. ಕಂಪನಿ ಯುದ್ಧ ನಿಲ್ಲಿಸಲಿಲ್ಲ. ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳನ್ನು ನಕಲು ಮಾಡಿಸಿ ಸಂಗ್ರಹಿಸಿದ ದೊಡ್ಡ ವಿದ್ವಾಂಸನಾದ. ಮಾತು ನಂಬಿ ಬಿಟ್ಟದ್ದರಿಂದ ಕಿತ್ತೂರು ಉಳಿಯಲಿಲ್ಲ, ಆದರೆ ನಾಡಿನ ಇತಿಹಾಸಕ್ಕೆ ಒಬ್ಬ ಲಿಪಿಕಾರ ಸಿಕ್ಕ!

ಕೊಲ್ಲುವ ಕೆಲಸಕ್ಕೆ ಯಾಕೆ ಬರುತ್ತಿದ್ದೀ ಎಂಬ ಪ್ರಶ್ನೆ ಇಷ್ಟು ನೇರವಾಗಿ ಬರದಿರಬಹುದು, ಆದರೆ ಅಭ್ಯರ್ಥಿ ಅದನ್ನು ತನಗೆ ತಾನೇ ಕೇಳಿಕೊಳ್ಳದೆ ಹೋಗಬಾರದು. ಬೆಳಗಾವಿ ಜಿಲ್ಲೆಯ ಜೈನ ಮನೆಗಳ ಮಕ್ಕಳಿಗೆ ಇದು ಸಂಜೆಯ ಊಟದಷ್ಟು ಹತ್ತಿರದ ಪ್ರಶ್ನೆ. ಜೈನ ಧರ್ಮ ಹಿಂಸೆಯನ್ನು ಬಗೆಬಗೆಯಾಗಿ ವಿಂಗಡಿಸುತ್ತದೆ. ಸಂಕಲ್ಪ ಮಾಡಿ ಕೊಲ್ಲುವುದು ಗೃಹಸ್ಥನಿಗೂ ಸಲ್ಲದು. ತನ್ನವರ ರಕ್ಷಣೆಗಾಗಿ ಎದುರಾಳಿಯೊಡನೆ ಕಾದುವುದು ವಿರೋಧಿ ಹಿಂಸೆ, ಗೃಹಸ್ಥನಿಗೆ ಅದರಲ್ಲಿ ವಿನಾಯಿತಿ ಇದೆ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ದಂಡನಾಯಕನೇ ಆಗಿದ್ದ. ಸವದತ್ತಿಯಿಂದ ಆಳಿದ ರಟ್ಟರು ಯುದ್ಧವನ್ನೂ ಮಾಡಿದರು, ಬಸದಿಗಳಿಗೆ ದತ್ತಿಯನ್ನೂ ಬಿಟ್ಟರು. ವಿನಾಯಿತಿ ಎಂದರೆ ಪರವಾನಗಿಯಲ್ಲ. ಕೊಂದದ್ದರ ಭಾರ ಉಳಿಯುತ್ತದೆ, ಹೊರಬೇಕಾದವರು ಹೊರುತ್ತಾರೆ. 'ದೇಶಕ್ಕಾಗಿ ಪ್ರಾಣ ಕೊಡುತ್ತೇನೆ' ಎಂಬ ಮಾತು ಸಂದರ್ಶನಗಳಲ್ಲಿ ಸವೆದುಹೋಗಿದೆ. ಪ್ರಾಣ ತೆಗೆಯಬೇಕಾಗಿ ಬಂದಾಗ ತನ್ನೊಳಗೆ ಏನಾದೀತು ಎಂದು ಒಂದು ರಾತ್ರಿಯಾದರೂ ನಿದ್ದೆಗೆಟ್ಟು ಯೋಚಿಸಿದವನು ಬೇರೆ ರೀತಿ ಮಾತಾಡುತ್ತಾನೆ, ಕೇಳುವವರಿಗೆ ಅದು ತಿಳಿಯುತ್ತದೆ.

ಐದನೆಯ ದಿನ ಮಂಡಳಿಯವರೆಲ್ಲ ಸಾಲಾಗಿ ಕೂತಿರುತ್ತಾರೆ. ಅಭ್ಯರ್ಥಿ ಒಬ್ಬೊಬ್ಬನಾಗಿ ಒಳಗೆ ಹೋಗಿ ಎರಡು ಮೂರು ಪ್ರಶ್ನೆಗೆ ಉತ್ತರಿಸಿ ಹೊರಬರುತ್ತಾನೆ. ಆಮೇಲೆ ಅಧಿಕಾರಿಯೊಬ್ಬರು ಬಂದು ಆಯ್ಕೆಯಾದವರ ನಂಬರುಗಳನ್ನು ಓದುತ್ತಾರೆ. ಕೆಲವು ತಂಡಗಳಲ್ಲಿ ಒಂದೂ ನಂಬರು ಇರುವುದಿಲ್ಲ. ಉಳಿದವರು ಅದೇ ದಿನ ಗಂಟುಮೂಟೆ ಕಟ್ಟುತ್ತಾರೆ. ಪ್ರತಿ ಸಲ ಅಕಾಡೆಮಿಗೆ ಬೇಕಾಗುವುದು ಸುಮಾರು 400 ಮಂದಿ, ಪರೀಕ್ಷೆ ಬರೆಯುವವರು ಲಕ್ಷಗಟ್ಟಲೆ. ವಾಪಸಾಗುವವರೇ ಜಾಸ್ತಿ ಎಂಬುದು ಬರೀ ಗಣಿತ. ಆದರೆ ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಹುಡುಗನಿಗೆ ಅದು ಗಣಿತವಾಗಿ ಕಾಣುವುದಿಲ್ಲ. ಗಣಿತದಲ್ಲಿ ಫೇಲಾದರೆ ಗಣಿತದಲ್ಲಿ ಫೇಲು, ಇಲ್ಲಿ ಮನುಷ್ಯನಾಗಿಯೇ ಫೇಲಾದೆನೆಂದು ಅನ್ನಿಸುತ್ತದೆ. ಊರವರೂ ಹಾಗೆಯೇ ಮಾತಾಡುತ್ತಾರೆ. ಇದು ತಪ್ಪು. ಮಂಡಳಿ ಕೇಳುವುದು ಒಂದೇ ಪ್ರಶ್ನೆ: ಈ ವಯಸ್ಸಿನಲ್ಲಿ, ಈ ಕೆಲಸಕ್ಕೆ, ಈ ತರಬೇತಿಗೆ ಇವನು ಒದಗುತ್ತಾನೆಯೇ? ಮನುಷ್ಯನ ಬೆಲೆ ಕಟ್ಟುವ ಅಧಿಕಾರ ಅದಕ್ಕಿಲ್ಲ, ಅದು ಹಾಗೆ ಹೇಳಿಕೊಂಡೂ ಇಲ್ಲ. ಮೊದಲ ಸಲ ತಳ್ಳಿಸಿಕೊಂಡು ಆಮೇಲೆ ಆಯ್ಕೆಯಾದ ಅಧಿಕಾರಿಗಳು ಸೇನೆಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಾಲ್ಕೂ ತಾಲ್ಲೂಕಿನ ಹೈಸ್ಕೂಲು, ಪಿಯು ಕಾಲೇಜುಗಳ ಮಾಸ್ತರರು ಒಂದು ಕೆಲಸ ಮಾಡಬಹುದು, ಅದಕ್ಕೆ ದುಡ್ಡು ಬೇಡ. ವಾರಕ್ಕೊಂದು ಸಂಜೆ ಹತ್ತು ಹುಡುಗ ಹುಡುಗಿಯರನ್ನು ದುಂಡಗೆ ಕೂರಿಸಿ, ಪರಶುರಾಮ ಮಾಡಿದ್ದು ಸರಿಯೇ, ಕಂಪನಿಯ ಮಾತು ನಂಬಿದ್ದು ಸರಿಯೇ ಎಂದು ಕೇಳಿ ಸುಮ್ಮನೆ ಕೂತುಬಿಡಿ. ಮೊದಲು ಕನ್ನಡದಲ್ಲಿ ಮಾತಾಡಲಿ, ಆಮೇಲೆ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಲಿ. ಉತ್ತರ ಬರೆಸಬೇಡಿ. ಎನ್‌ಡಿಎ ವಯಸ್ಸು ಮೀರಿದ ಮಕ್ಕಳ ತಂದೆತಾಯಿಗಳಿಗೂ ಒಂದು ಮಾತು: ಪದವಿಯ ನಂತರ ಸಿಡಿಎಸ್ (ಕಂಬೈನ್ಡ್ ಡಿಫೆನ್ಸ್ ಸರ್ವಿಸಸ್) ಪರೀಕ್ಷೆ ಇದೆ, ಯುಪಿಎಸ್‌ಸಿ ಅದನ್ನೂ ವರ್ಷಕ್ಕೆ ಎರಡು ಸಲ ನಡೆಸುತ್ತದೆ, ಅದರಲ್ಲಿ ಪಾಸಾದವರನ್ನು ಕರೆಯುವುದು ಇದೇ ಮಂಡಳಿಗೆ, ಇದೇ ಐದು ದಿನಕ್ಕೆ.